ಡ್ರೈಯರ್ ಪಾಯಿಂಟಿನಿಂದ ಕಾರಿಗೆ ಎಳೆದ ಕೇಬಲ್ಲಿನ ಕುರಿತು

ಮಾನ್ಯ ಓದುಗರೇ,

ಅಮೆರಿಕದ ಅಲೆನ್ ಪಟ್ಟಣದ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ನ ಪಾಯಿಂಟಿನಿಂದ ವಿದ್ಯುತ್ ಕಾರನ್ನು ಚಾರ್ಜ್ ಮಾಡಿದ ಬಗೆಯನ್ನೂ, ಅದರಿಂದ ಸ್ವಲ್ಪದರಲ್ಲಿ ತಪ್ಪಿದ ಅನಾಹುತವನ್ನೂ ತಮ್ಮ ಅವಗಾಹನೆಗೆ ತರುವುದು ಈ ಬರಹದ ಉದ್ದೇಶ. ರಜೆಯ ಅರ್ಜಿಗಳನ್ನು ಬಿಟ್ಟು ಬೇರೇನನ್ನೂ ನಾನು ಕನ್ನಡದಲ್ಲಿ ಬರೆದವಳಲ್ಲ. ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

೨೦೧೬ರ ಬೇಸಿಗೆಯಲ್ಲಿ ನಾವು ಸದರಿ ಕಾರನ್ನು ಕೊಂಡೆವು. ಗರಾಜಿನ ಸಾಧಾರಣ ಪಾಯಿಂಟಿನಲ್ಲಿ ಅದು ಬಹಳ ನಿಧಾನವಾಗಿ ಚಾರ್ಜ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಯೋಣವೆಂದು ಪತಿ ಸೂಚಿಸಿದರು. ಇಬ್ಬರು ಎಂಜಿನಿಯರುಗಳಿರುವ ಮನೆಗೆ ಮೂರನೆಯವನೊಬ್ಬ ಬಂದು ಪ್ಲಗ್ ಹಾಕಿಕೊಡುವುದು ನಮ್ಮ ಘನತೆಗೆ ಕುಂದೆಂದು ನಾನು ಆಕ್ಷೇಪಿಸಿದೆ. ನಾವಿಬ್ಬರೂ ಸಾಫ್ಟ್‌ವೇರ್ ಎಂಜಿನಿಯರುಗಳೆಂಬ ಅಂಶವನ್ನು ಆ ಸಂದರ್ಭದಲ್ಲಿ ಯಾರೂ ಪ್ರಸ್ತಾಪಿಸಲಿಲ್ಲ.

ಗರಾಜಿಗೆ ಹೊಂದಿಕೊಂಡ ಬಟ್ಟೆ ಒಗೆಯುವ ಕೋಣೆಯಲ್ಲಿ ಡ್ರೈಯರ್‌ಗೆಂದೇ ಮೂವತ್ತು ಆಂಪಿಯರ್‌ನ ದೊಡ್ಡ ಪಾಯಿಂಟ್ ಇತ್ತು. ಡ್ರೈಯರ್ ಪ್ಲಗ್ ಕಿತ್ತು, ಆನ್‌ಲೈನ್‌ನಲ್ಲಿ ತರಿಸಿದ ಎಕ್ಸ್‌ಟೆನ್ಷನ್ ಕೇಬಲ್ ಸಿಕ್ಕಿಸಿ, ಬಾಗಿಲ ಮೂಲಕ ಗರಾಜಿಗೆ ಎಳೆದೆ. ಕೇಬಲ್ಲಿನ ತುದಿಗೆ ಸಿಕ್ಕಿಸಿದ ಕಾರಿನ ಚಾರ್ಜರ್‌ನಲ್ಲಿ ಕರೆಂಟಿನ ಮಿತಿಯನ್ನು ನಾವೇ ಇಡಬಹುದಿತ್ತು. ಆ ಪಾಯಿಂಟಿನ ಬ್ರೇಕರ್ ಸ್ವಿಚ್ಚಿನ ಮೇಲೆ ಮೂವತ್ತು ಎಂದಿದ್ದುದರಿಂದ ಮೂವತ್ತೇ ಇಟ್ಟೆ. ಕೇಬಲ್ ಯಾರ ಕಾಲಿಗೂ ತೊಡರಬಾರದೆಂಬ ಸುರಕ್ಷತಾ ದೃಷ್ಟಿಯಿಂದ ಗೋಡೆಯಿಂದ ಗೋಡೆಗೆ ಕೊಕ್ಕೆ ಹೊಡೆದು, ತಲೆಯ ಮಟ್ಟದಲ್ಲಿ ಬಿಗಿಯಾಗಿ ಕಟ್ಟಿದೆ. ‘ಕಾರು ಚಾರ್ಜ್ ಆಗುವ ವೇಳೆಯಲ್ಲಿ ಡ್ರೈಯರ್ ಬಳಸುವಂತಿಲ್ಲ’ ಎಂಬ ಸೂಚನೆಯನ್ನೂ ಬರೆದು ಅಂಟಿಸಿದೆ.

ಆ ವೇಳೆಗೆ ಮೈಸೂರಿನಿಂದ ನನ್ನ ಅತ್ತೆಯವರು ಆರು ತಿಂಗಳ ಮಟ್ಟಿಗೆ ಬಂದಿದ್ದರು. ಅವರಿಗೆ ಪೂಜೆಗೆ ಮಡಿಸೀರೆ ಆಗಬೇಕು. ಒಗೆದು ಒಣಹಾಕಿದ ಮೇಲೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಡ್ರೈಯರ್ ಖಾಲಿ ಇದ್ದ ದಿನವೂ ಅವರು ಅದನ್ನು ಒಪ್ಪಲಿಲ್ಲ.

“ನಿಮ್ಮೆಲ್ಲರ ಕಾಲುಚೀಲ ತಿರುಗಿದ ಡಬ್ಬದಲ್ಲಿ ನನ್ನ ಮಡಿಸೀರೆ ತಿರುಗಬೇಕೇನೇ?”

ಹಿತ್ತಲಲ್ಲಿ ಹಗ್ಗ ಕಟ್ಟಿಕೊಂಡರು. ಮೂರನೆಯ ದಿನವೇ ಬಡಾವಣೆಯ ನಿವಾಸಿಗಳ ಸಂಘದಿಂದ ಛಾಯಾಚಿತ್ರ ಸಮೇತ ನೋಟಿಸ್ ಬಂತು. ಹೊರಗೆ ಕಾಣುವಂತೆ ಬಟ್ಟೆ ಒಣಹಾಕುವುದು ನಿಯಮಬಾಹಿರ. ಹಪ್ಪಳ ಸುಡಬಹುದಾದಂಥ ಬಿಸಿಲನ್ನು ಅಂಗಳದಲ್ಲಿ ಬಿಟ್ಟು, ಒಳಗೆ ಕರೆಂಟಿನಿಂದ ಬಟ್ಟೆ ಒಣಗಿಸುವುದೇ ಬಡಾವಣೆಯ ಗೌರವಕ್ಕೆ ತಕ್ಕದ್ದು.

“ಬಿಸಿಲಿಗೂ ಪರ್ಮಿಷನ್ನಾ? ನನ್ನ ಸೀರೆ ನೋಡಿದ್ರೆ ಇವರ ಮನೆ ರೇಟ್ ಇಳಿದುಹೋಗತ್ತಂತಾ?” ಎಂದು ಹಗ್ಗ ಬಿಚ್ಚಿದರು.

ಮುಂದಿನ ಶನಿವಾರ ಪತಿ ಕೆಲಸದ ನಿಮಿತ್ತ ಹ್ಯೂಸ್ಟನ್‌ಗೆ ಹೋಗಿದ್ದರು. ಬೆಳಿಗ್ಗೆ ಕಾರನ್ನು ಚಾರ್ಜಿಗಿಟ್ಟಿದ್ದೆ. ಯಾವುದೋ ಕಾರಣಕ್ಕೆ ಗರಾಜಿಗೆ ಹೋದರೆ, ನನ್ನ ಕೇಬಲ್ಲಿನ ಮೇಲೆ ಹಿಂಡದ ಒಂಬತ್ತು ಗಜದ ಸೀರೆ ಹರಡಿತ್ತು. ಕೇಬಲ್ಲೂ ಚಾರ್ಜರೂ ಕೂಡುವ ಜಾಗದ ಪಕ್ಕದಲ್ಲೇ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆಯವರು ಬರಿಗಾಲಿನಲ್ಲಿ, ಒದ್ದೆ ಕೈಯಲ್ಲಿ, ಸೆರಗನ್ನು ಅದೇ ಜಾಗದ ಕಡೆಗೆ ಎಳೆದು ನೇರ ಮಾಡುತ್ತಿದ್ದರು.

“ಅತ್ತೆ, ಮುಟ್ಬೇಡಿ!”

“ಅದು ನಾನು ನಿನಗೆ ಹೇಳಬೇಕಾದ್ದು. ಮಡೀಲಿದೀನಿ, ದೂರ ನಿಲ್ಲು.”

“ಅದು ಹಗ್ಗ ಅಲ್ಲ, ಅದರಲ್ಲಿ ಕರೆಂಟಿದೆ! ಕೈ ತೆಗೀರಿ!”

ಅವರ ಕೈ ಗಾಳಿಯಲ್ಲೇ ನಿಂತಿತು. ನಾನು ಗೋಡೆಯ ಪೆಟ್ಟಿಗೆ ತೆರೆದು ಬ್ರೇಕರ್ ಇಳಿಸಿದೆ. ಇಳಿಸಿದ ಮೇಲೂ ನನ್ನ ಬೆರಳು ಅದನ್ನು ಒತ್ತಿಕೊಂಡೇ ಇತ್ತು.

“ಹಗ್ಗ ಅಲ್ದಿದ್ರೆ ಇಷ್ಟು ನೀಟಾಗಿ ಯಾಕೆ ಕಟ್ಟಿದೀಯೇ?” ಎಂದು ಅತ್ತೆಯವರು ಕೇಳಿದರು. “ಹಿತ್ತಲಲ್ಲಿ ಬೇಡ ಅಂದ್ರಲ್ಲ, ನನಗೋಸ್ಕರ ಬಿಟ್ಟಿದೀಯ ಅಂದ್ಕೊಂಡೆ. ಹೇಳ್ದೇನೇ ಅರ್ಥ ಮಾಡ್ಕೊಂಡ್ಲು ಅಂತ ಸಂತೋಷ ಆಗಿತ್ತು.”

ಕೂಡಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆನೆಂದು ವಿಷಾದಪೂರ್ವಕವಾಗಿ ದಾಖಲಿಸುತ್ತೇನೆ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದ. ಡ್ರೈಯರ್ ಪಾಯಿಂಟನ್ನು ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗಿನ ಪ್ಲಾಸ್ಟಿಕ್ ಕರಕಲಾಗಿತ್ತು. ಕಾರು ಗಂಟೆಗಟ್ಟಲೆ ಕರೆಂಟ್ ಎಳೆಯುವುದರಿಂದ ಮೂವತ್ತರ ಪಾಯಿಂಟಿನಲ್ಲಿ ಇಪ್ಪತ್ತನಾಲ್ಕಕ್ಕಿಂತ ಹೆಚ್ಚು ಇಡಬಾರದು, ನಡುವೆ ಇಂಥ ಎಕ್ಸ್‌ಟೆನ್ಷನ್ ಇರಲೇಬಾರದು, ಪ್ಲಗ್ ಬಿಸಿಯಾದರೆ ಆಗಲೇ ನಿಲ್ಲಿಸಬೇಕು ಎಂದು ತಿಳಿಸಿದ. ಕೊಕ್ಕೆಗಳನ್ನು ನೋಡಿ, ಇದನ್ನು ಕಟ್ಟಿದವರು ಯಾರೆಂದು ಕೇಳಿದ. ಎಂಜಿನಿಯರ್ ಎಂದೆ. ಆತ ತಲೆಯಾಡಿಸಿದ. ಎಂಜಿನಿಯರುಗಳೇ ತುಂಬಿರುವ ಅಲೆನ್‌ನಲ್ಲಿ ಈ ಉತ್ತರ ಅವನಿಗೆ ಹೊಸದಲ್ಲವೆಂದು ಕಂಡಿತು. ಕಾರಿಗೆಂದೇ ಗರಾಜಿನಲ್ಲಿ ಪ್ರತ್ಯೇಕ ಪಾಯಿಂಟನ್ನೂ ಬ್ರೇಕರನ್ನೂ ಹಾಕಿ, ಹಳೆಯದನ್ನು ಬದಲಿಸಿ ಹೊರಟ.

ಸಂಜೆ ಪತಿಯ ಫೋನ್ ಬಂತು. ನಾನು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಬಗೆಯಾಗಿ ರಚಿಸಿಕೊಂಡಿದ್ದೆ. ಆದರೆ ಅತ್ತೆಯವರೇ ಫೋನ್ ಎತ್ತಿಕೊಂಡರು.

“ಏನಿಲ್ಲ ಕಣೋ. ಕಾರಿಗೆ ಬೇರೆ ಪಾಯಿಂಟ್ ಹಾಕಿಸಿದ್ವಿ. ಅವಳು ಬೇಡ ಅಂದ್ಲು, ನಾನೇ ಹಠ ಮಾಡ್ದೆ. ನಂಗೆ ಓಡಾಡೋಕೆ ಅಡ್ಡ ಆಗ್ತಿತ್ತು, ಅಷ್ಟೇ.”

ಮೂರೂ ವಾಕ್ಯಗಳು ಮರೆತುಹೋದವು. ಅವರ ಕೈಯಿಂದ ಫೋನ್ ತೆಗೆದುಕೊಂಡೆ.

“ರೀ, ನಿಮ್ಮಮ್ಮ ಹೇಳ್ತಿರೋದು ಸುಳ್ಳು,” ಎಂದು ಆರಂಭಿಸಿದೆ.

ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅತ್ತೆಯವರು ಪಕ್ಕದಲ್ಲಿಯೇ ಕುಳಿತಿದ್ದರು.