ಇನ್ನೊಂದ್ಸಲ ಮೇಸ್ತ್ರಿ

ಗಾಡಿಗಳ ವೈರಿಂಗ್ ಕೆಲಸ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದನ್ನು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಇನ್ನೊಂದ್ಸಲ ಮೇಸ್ತ್ರಿ. ರಿಪೇರಿ ಮುಗಿದು, ಗಿರಾಕಿ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೂ "ತಡೀರಿ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಬಾನೆಟ್ ಎತ್ತುವ ಚಟ ಅವನದು. ಮನೆಯಲ್ಲೂ ಅಷ್ಟೇ. ಮಲಗಿದವನು ಎದ್ದು ಗ್ಯಾಸ್ ನೋಡಿ, ನಲ್ಲಿ ನೋಡಿ, ಬೀಗ ಜಗ್ಗಿ ಬರುತ್ತಾನೆ. "ನಮ್ಮನೆ ಬೀಗ ಕಳ್ಳರಿಂದ ಹಾಳಾಗಲ್ಲ, ನಿಮ್ಮಿಂದ್ಲೇ ಹಾಳಾಗೋದು" ಎಂದು ಹೆಂಡತಿ ಗೊಣಗುವುದೂ ಹಳತಾಗಿತ್ತು. ಇಷ್ಟು ಪುಕ್ಕಲನ ಕೈಯಲ್ಲಿ ಗಾಡಿ ಕೊಟ್ಟರೆ ನಿಶ್ಚಿಂತೆ ಎಂದು ಜನ ದೂರದಿಂದಲೂ ಬರುತ್ತಿದ್ದರು.

ಅವನ ತಮ್ಮನಿಗೆ ಮಾತ್ರ ಭಯ ಎಂದರೇನೆಂದೇ ಗೊತ್ತಿಲ್ಲ. ಚಿಕ್ಕಂದಿನಿಂದಲೂ ತಮ್ಮ ಮುರಿಯುವುದು, ಅಣ್ಣ ಜೋಡಿಸುವುದು. ದೊಡ್ಡವನಾದ ಮೇಲೆ ತಮ್ಮ ಊರಿಗೆ ಉಪಕಾರಿ, ಮನೆಗೆ ಮಾರಿ ಆಗಿದ್ದ. ಯಾರು ಮನೆ ಬದಲಾಯಿಸಲಿ, ಯಾರ ಮಂಚ ಸಾಗಿಸಬೇಕಾಗಲಿ, ಒಂದು ಮಾತು ಹೇಳಿದರೆ ಸಾಕು, ಪಿಕಪ್ ತೆಗೆದುಕೊಂಡು ಹೊರಟೇಬಿಟ್ಟ. ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟ, ಅಷ್ಟು ಚೆನ್ನಾಗಿ ನಗುತ್ತಾನೆ. ಪಿಕಪ್ ಇರುವುದು ಅವನ ಹೆಂಡತಿಯ ಹೆಸರಿನಲ್ಲಿ. ಅದನ್ನು ಓಡಿಸಿ ಸಂಸಾರ ಸಾಕುವವಳೂ ಅವಳೇ. ದಿನಾ ಬೆಳಿಗ್ಗೆ ಲಾಂಡ್ರಿಯಿಂದ ಒಗೆದ ಬಟ್ಟೆಗಳ ಗಂಟು ಹೇರಿಕೊಂಡು ಆಸ್ಪತ್ರೆಗೆ ಮುಟ್ಟಿಸುತ್ತಾಳೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಗಾಡಿ ಇಲ್ಲ. ಗಂಡ ಯಾರಿಗೋ ಕಬ್ಬಿಣದ ಏಣಿ ಮುಟ್ಟಿಸಲು ಹೋಗಿದ್ದ. ಅವತ್ತು ಹಾಸಲು ಶುಭ್ರ ಬಟ್ಟೆಯಿಲ್ಲದೆ ಆಪರೇಷನ್ನುಗಳು ತಡವಾದವು. ಇನ್ನೊಮ್ಮೆ ಹೀಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಲಾಂಡ್ರಿಯ ಯಜಮಾನಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಆಮೇಲೆ ಗಾಡಿಯೇ ಕೈಕೊಟ್ಟಿತು.

"ಭಾವ, ಇದಕ್ಕೆ ದೆವ್ವ ಹಿಡಿದಿದೆ," ಎಂದಳು ತಮ್ಮನ ಹೆಂಡತಿ, ಶೆಡ್ಡಿಗೆ ತಂದು ನಿಲ್ಲಿಸಿ. "ಸುಡುಬಿಸಿಲಲ್ಲಿ ವೈಪರ್ ಆಡುತ್ತೆ. ಇಂಡಿಕೇಟರ್ ಹಾಕಿದ್ರೆ ಹಾರ್ನ್ ಹೊಡೆಯುತ್ತೆ. ನಿನ್ನೆ ಕತ್ತಲಲ್ಲಿ ಹೆಡ್‌ಲೈಟ್ ಆರಿಹೋಯ್ತು. ನನ್ನ ಜೀವ ಬಾಯಿಗೆ ಬಂತು."

ಮೇಸ್ತ್ರಿ ಬ್ಯಾಟರಿ ವೈರು ಬಿಚ್ಚಿ, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ. ಅಲ್ಲಿ ಬುತ್ತಿ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದಿರುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎನ್ನುತ್ತಾರೆ. ದೀಪ, ವೈಪರ್, ಬಾಗಿಲ ಲಾಕು ಎಲ್ಲಕ್ಕೂ ಅದೇ ಯಜಮಾನ. ಯಾವ ಕೀ ತನ್ನದು, ಯಾವುದು ಪರಕೀಯರದು ಎಂದು ಗುರುತಿಟ್ಟುಕೊಳ್ಳುವುದೂ ಅದೇ. ಬಿಚ್ಚಿ ನೋಡಿದರೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು. ನೀರು ಎಲ್ಲಿಂದ ಬಂತೆಂದು ಬೆರಳಾಡಿಸುತ್ತ ಮೇಲೆ ಹೋದ. ಮುಂದಿನ ಗಾಜಿನ ರಬ್ಬರು ಮೂಲೆಯಲ್ಲಿ ಹರಿದಿತ್ತು, ಪಕ್ಕದಲ್ಲೇ ಕಬ್ಬಿಣ ಉಜ್ಜಿದ ಗೀರು. ಏಣಿ! ತಮ್ಮ ಮುರಿದದ್ದನ್ನೇ ಮತ್ತೆ ಜೋಡಿಸಲು ಕೂತಿದ್ದೇನೆ ಎಂದು ಅವನಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಹೊಸ ಪೆಟ್ಟಿಗೆ ಬರುವವರೆಗೆ ಅವಳು ಲಾಂಡ್ರಿಯಲ್ಲಿ ಕಾಡಿ ಬೇಡಿ ರಜೆ ಪಡೆದಳು. ಪೆಟ್ಟಿಗೆ ಬಂದ ದಿನ ಮೇಸ್ತ್ರಿ ಮೊದಲು ರಬ್ಬರು ಬದಲಿಸಿದ. ಗಾಜಿನ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು, ಒಳಗೆ ಒಣ ಬಟ್ಟೆ ಹಿಡಿದು, ಹನಿ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಹೊಸ ಪೆಟ್ಟಿಗೆ ಕೂರಿಸಿದ. ಇನ್ನು ಅದಕ್ಕೆ ಪಾಠ ಹೇಳಿಕೊಡಬೇಕು. ಲ್ಯಾಪ್‌ಟಾಪ್ ಜೋಡಿಸಿ, ಇದು ಯಾವ ಗಾಡಿ, ಇದರ ಕೀಗಳು ಯಾವುವು ಎಂದು ಕಲಿಸಬೇಕು. ನಡುವೆ ಕರೆಂಟ್ ಹೋದರೆ ಹೊಸ ಪೆಟ್ಟಿಗೆ ಕೆಲಸಕ್ಕೆ ಬಾರದ ಕಲ್ಲಾಗುತ್ತದೆ ಎಂದು ಎರಡು ಬ್ಯಾಟರಿ ಕಟ್ಟಿದ. ಆದರೂ ಕ್ಲಿಪ್ಪುಗಳನ್ನು ಇನ್ನೊಂದ್ಸಲ ಜಗ್ಗಿ ನೋಡಿದ.

"ಎರಡೂ ಕೀ ಕೊಡಮ್ಮ. ಈಗ ತೋರಿಸಿದ ಕೀ ಮಾತ್ರ ಇದು ಒಪ್ಪುತ್ತೆ. ತೋರಿಸದೇ ಇದ್ದದ್ದು ಬಾಗಿಲೇನೋ ತೆಗೆಯುತ್ತೆ, ಇಂಜಿನ್ ಸ್ಟಾರ್ಟ್ ಮಾಡಲ್ಲ."

ಅವಳು ಒಂದು ಕೀ ಕೊಟ್ಟಳು. "ಇನ್ನೊಂದು ಅವರ ಸೊಂಟದಲ್ಲಿದೆ," ಎಂದಳು. ಆಮೇಲೆ ಲ್ಯಾಪ್‌ಟಾಪ್ ಕಡೆ ನೋಡಿ, "ಒಂದೇ ಸಾಕಲ್ವಾ ಭಾವ?" ಎಂದಳು.

ಅವಳು ಕೇಳಿದ್ದೇನೆಂದು ಮೇಸ್ತ್ರಿಗೆ ಚೆನ್ನಾಗಿ ಅರ್ಥವಾಗಿತ್ತು. ತಮ್ಮನಿಗೆ ಫೋನ್ ಮಾಡಿದ.

"ನಿನ್ನ ಕೀ ತಗೊಂಡು ಈಗ್ಲೇ ಬಾರೋ."

"ನನ್ನ ಕೀಗೇನಾಗಿದೆಯಣ್ಣ, ಚೆನ್ನಾಗೇ ಇದೆ. ಗಾಡಿ ಬೇಗ ರೆಡಿ ಮಾಡ್ಬಿಡು. ನಾಳೆ ಬೆಳಿಗ್ಗೇನೇ ನಮ್ಮ ಪೇಂಟರ್ ಮನೆ ಸಾಮಾನು ಸಾಗಿಸ್ಬೇಕು, ಮಾತು ಕೊಟ್ಟಿದ್ದೀನಿ."

"ನಾಳೆ ಅವಳಿಗೆ ಆಸ್ಪತ್ರೆ ಟ್ರಿಪ್ ಇದೆ ಕಣೋ. ತಪ್ಪಿದ್ರೆ ಕೆಲಸಾನೇ ಹೋಗುತ್ತೆ."

"ಒಂದಿನಕ್ಕೆ ಏನಾಗಲ್ಲ ಬಿಡಣ್ಣ. ನೀನು ಎಲ್ಲಾದಕ್ಕೂ ಹೆದರ್ತೀಯ," ಎಂದು ನಕ್ಕು ಫೋನ್ ಇಟ್ಟ.

ಫೋನಿನ ಮಾತು ಅವಳಿಗೂ ಕೇಳಿಸಿತ್ತು. "ನಾನು ಹೇಳಿ ಹೇಳಿ ಸಾಕಾಗಿದೆ. ಇನ್ನು ನಿಮಗೆ ಬಿಟ್ಟಿದ್ದು," ಎಂದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು.

ಲ್ಯಾಪ್‌ಟಾಪ್ ತೆರೆಯ ಮೇಲೆ ಒಂದೇ ಪ್ರಶ್ನೆ ನಿಂತಿತ್ತು: ಎಷ್ಟು ಕೀ? ಮೇಸ್ತ್ರಿ ಅತ್ತ ದರಿ ಇತ್ತ ಪುಲಿ ಎಂಬಂತೆ ಕೂತ. ಒಡಹುಟ್ಟಿದವನ ಬೆನ್ನ ಹಿಂದೆ ಇಂಥ ಕೆಲಸವೇ? ಅವನು ಮತ್ತೆ ಈ ಶೆಡ್ಡಿನ ಮೆಟ್ಟಿಲು ಹತ್ತದಿದ್ದರೆ? ಹಾಗಂತ ಕೈಬಿಟ್ಟರೆ, ಹೊರಗೆ ಕೂತಿರುವ ಇವಳ ಗತಿ? ವೈರುಗಳನ್ನು ಮತ್ತೆ ಮುಟ್ಟಿ ನೋಡಿದ. ಬ್ಯಾಟರಿ ನೋಡಿದ. ರಸ್ತೆ ನೋಡಿದ, ತಮ್ಮ ಬಂದನೇನೋ ಎಂದು. ಸಂಜೆಯಾಯಿತು, ತಮ್ಮ ಬರಲಿಲ್ಲ. ನೋಡಲು ಇನ್ನೇನೂ ಉಳಿದಿರಲಿಲ್ಲ.

ಒಂದು ಎಂದು ಒತ್ತಿದ.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತುವಷ್ಟರಲ್ಲಿ ತಮ್ಮ ನಡೆದುಕೊಂಡು ಬಂದ.

"ಅಣ್ಣ, ಅದೇನು ಪೆಟ್ಟಿಗೆ ಹಾಕಿದ್ದೀಯೋ. ಬಾಗಿಲು ತೆಗೆಯುತ್ತೆ, ಸ್ಟಾರ್ಟೇ ಆಗಲ್ಲ. ಪೇಂಟರ್ ಸಾಮಾನೆಲ್ಲ ಬೀದಿಗಿಟ್ಟು ಕಾಯ್ತಿದ್ದಾನೆ."

ಅವನು ಮಾತು ಮುಗಿಸುವ ಮೊದಲೇ ಪಿಕಪ್ ಅವರಿಬ್ಬರ ಮುಂದೆ ಹಾದುಹೋಯಿತು. ಹಿಂದೆ ಬಿಳಿ ಗಂಟುಗಳು, ಸ್ಟೇರಿಂಗ್ ಹಿಡಿದವಳ ಕಣ್ಣು ರಸ್ತೆಯ ಮೇಲೆ. ತಿರುವಿನಲ್ಲಿ ಇಂಡಿಕೇಟರ್ ಮಿನುಗಿತು, ಹಾರ್ನ್ ಹೊಡೆಯಲಿಲ್ಲ. ತಮ್ಮ ಅದು ಮರೆಯಾಗುವವರೆಗೂ ನೋಡಿದ. ಆಮೇಲೆ ಅಣ್ಣನ ಕಡೆ ತಿರುಗಿದ. ಆ ಮುಖದಲ್ಲಿ ನಗು ಇಲ್ಲದ್ದನ್ನು ಮೇಸ್ತ್ರಿ ಮೊದಲ ಸಲ ಕಂಡ.

"ನನ್ನನ್ನೇ ಹೊರಗಿಟ್ಟೆಯಾ?"

"ನಿನ್ನ ಕೀ ಸೇರಿಸೋದು ಹತ್ತು ನಿಮಿಷದ ಕೆಲಸ ಕಣೋ. ಅವಳನ್ನ ಕೇಳು. ಅವಳು ಹ್ಞೂಂ ಅಂದ ದಿನ ಇಬ್ರೂ ಬನ್ನಿ."

ತಮ್ಮ ಕೀಯನ್ನು ಅವನ ಮುಂದೆ ಹಿಡಿದ. ಬಾಲ್ಯದಲ್ಲಿ ಮುರಿದ ಬುಗುರಿ ಹಿಡಿದದ್ದೂ ಹೀಗೆಯೇ. "ಇನ್ನೊಂದ್ಸಲ ನೋಡಣ್ಣ," ಎಂದ ಸಣ್ಣ ದನಿಯಲ್ಲಿ.

ಮೇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಅವು ತಾವಾಗಿಯೇ ಕೀಗೆ ಚಾಚಬಾರದೆಂದು.

"ನೋಡಿ ಆಯ್ತು," ಎಂದ.