ತಕ್ಕಡಿ ಸಿಸ್ಟರ್‌ಗೆ ಬಂದ ಐವತ್ತೆಂಟು

ಮಕ್ಕಳ ವಾರ್ಡಿನಲ್ಲಿ ಅವರನ್ನು ಎಲ್ಲರೂ ತಕ್ಕಡಿ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮಗುವನ್ನು ಒಮ್ಮೆ ಎತ್ತಿ ಸೊಂಟಕ್ಕೆ ಕೂರಿಸಿಕೊಂಡರೆ ಸಾಕು, ತೂಕ ಹೇಳಿಬಿಡುತ್ತಿದ್ದರು. ಆಮೇಲೆ ಯಂತ್ರದ ಮೇಲೆ ಇಟ್ಟರೆ ಅದೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತಿತ್ತು. ಇಪ್ಪತ್ತೊಂದು ವರ್ಷದ ನೌಕರಿ. ಪುಟ್ಟ ಕೈಯಲ್ಲಿ ಸೂಜಿ ಹಾಕಲು ನರ ಸಿಗದೆ ಬೆವರುವ ಹೊಸ ಡಾಕ್ಟರುಗಳು ಕೊನೆಗೆ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ.

ಆ ವರ್ಷ ಹೊಸ ನಿಯಮ ಬಂತು. ಔಷಧಿ ಕೊಡುವ ನರ್ಸುಗಳೆಲ್ಲ, ಎಷ್ಟೇ ಹಳಬರಾಗಿರಲಿ, ಕಂಪ್ಯೂಟರಿನಲ್ಲಿ ಒಂದೇ ಮಾದರಿಯ ಪರೀಕ್ಷೆ ಬರೆಯಬೇಕು. ನೂರಕ್ಕೆ ಅರವತ್ತೈದು ಬಂದರೆ ಪಾಸು. ಇರುವುದು ಎರಡೇ ಅವಕಾಶ. ಎರಡನೆಯದರಲ್ಲೂ ತಪ್ಪಿದರೆ ಔಷಧಿಯ ಟ್ರಾಲಿ ಮುಟ್ಟುವಂತಿಲ್ಲ. ಬಟ್ಟೆ ಕೋಣೆಯಲ್ಲಿ ಹಾಸು ಹೊದಿಕೆ ಎಣಿಸಿಕೊಂಡು ಕೂರಬೇಕು.

"ಇದೊಂದು ಬಾಕಿ ಇತ್ತು ನೋಡು" ಎಂದು ನಗುತ್ತಲೇ ಸಿಸ್ಟರ್ ಪರೀಕ್ಷೆಗೆ ಹೋಗಿ ಬಂದರು. ವಾರದ ನಂತರ ಫಲಿತಾಂಶ ಬಂತು. ಐವತ್ತೆಂಟು.

ಊಟದ ಕೋಣೆಯ ಮೂಲೆಯಲ್ಲಿ ನಿಂತು ಫೋನಿನಲ್ಲಿ ಅದನ್ನು ನೋಡಿದರು. ಏಳು ಅಂಕ ಕಡಿಮೆಯಾಯಿತಲ್ಲ ಎಂದು ಮೊದಲು ನಾಚಿಕೆಯಾಯಿತು, ಅಷ್ಟೇ. ಆಮೇಲೆ ಪರದೆಯನ್ನು ಕೆಳಗೆ ಸರಿಸಿದರು. ಯಾವ ಭಾಗದಲ್ಲಿ ಎಷ್ಟು ಬಂದಿದೆ ಎಂದು ಬಿಡಿಸಿ ಬರೆದಿದ್ದರು. ಸೋಂಕು ತಡೆಗಟ್ಟುವುದು, ಉತ್ತಮ. ರೋಗಿಯ ಆರೈಕೆ, ಉತ್ತಮ. ಔಷಧಿಯ ಪ್ರಮಾಣದ ಲೆಕ್ಕ, ಹನ್ನೆರಡರಲ್ಲಿ ನಾಲ್ಕು.

ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ ಅದು. ಈ ಪರೀಕ್ಷೆ ಹೇಳುತ್ತಿರುವುದು ನಿಜವೇ ಆಗಿದ್ದರೆ, ಇಷ್ಟು ವರ್ಷ ತಾನು ಮಕ್ಕಳಿಗೆ ಕೊಟ್ಟದ್ದೇನು?

ಮನೆಯಲ್ಲಿ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಗಂಡ ಕೇಳಿಯೇ ಬಿಟ್ಟರು. ಬೀಗ ರಿಪೇರಿ ಮಾಡುವ ಮನುಷ್ಯ. ಮುಚ್ಚಿಟ್ಟದ್ದು ಅವರಿಗೆ ಬೇಗ ಗೊತ್ತಾಗುತ್ತಿತ್ತು. ವಿಷಯ ಕೇಳಿ, "ಏಳು ಮಾರ್ಕ್ಸ್ ತಾನೇ? ಅಷ್ಟಕ್ಕೆ ಹೀಗೆ ಅನ್ನ ಬಿಟ್ಟು ಕೂತರೆ ಹೇಗೆ?" ಎಂದರು.

"ಮಾರ್ಕ್ಸ್‌ದಲ್ಲ ರೀ ಭಯ" ಎಂದರು ಸಿಸ್ಟರ್.

ಅದೇ ಮನೆಯಲ್ಲಿ ನಾದಿನಿ ಇದ್ದಳು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಾತು ಬಲು ಖಾರ. ಅತ್ತಿಗೆ ನಾದಿನಿಯರ ನಡುವೆ ಜಗಳವಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಒಬ್ಬರಿದ್ದಾಗ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಅಂಥವಳ ಎದುರು ಸಿಸ್ಟರ್ ಒಂದು ಸಂಜೆ ನೋಟ್‌ಬುಕ್ ಹಿಡಿದು ನಿಂತರು.

"ನನಗೆ ಸ್ವಲ್ಪ ಲೆಕ್ಕ ಹೇಳಿಕೊಡ್ತೀಯಾ?"

ನಾದಿನಿ ಕನ್ನಡಕ ಏರಿಸಿಕೊಂಡು ನೋಡಿದಳು. ಚುಚ್ಚಲಿಲ್ಲ. ಕುರ್ಚಿ ಎಳೆದುಕೊಟ್ಟಳು. "ನಿಮ್ಮ ಆಸ್ಪತ್ರೆ ಲೆಕ್ಕನೇ ಒಂದು ಹೇಳಿ ನೋಡೋಣ, ಅತ್ತಿಗೆ."

ಸಿಸ್ಟರ್ ಜ್ವರದ ಸಿರಪ್ಪಿನ ಲೆಕ್ಕ ಹೇಳಿದರು. ಮಗುವಿನ ತೂಕದ ಕಿಲೋಗೆ ಹದಿನೈದು ಮಿಲಿಗ್ರಾಂ. ಬಾಟಲಿಯಲ್ಲಿ ಐದು ಮಿಲಿಲೀಟರಿಗೆ ನೂರಿಪ್ಪತ್ತೈದು ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಆರು ಮಿಲಿ. ಹೇಳಿ ಮುಗಿಸುವುದಕ್ಕೆ ಉಸಿರೊಂದು ಬಿಡುವಷ್ಟೂ ಹೊತ್ತು ಹಿಡಿಯಲಿಲ್ಲ.

"ಸರಿ. ಬಾಟಲಿಯಲ್ಲಿ ಐದು ಮಿಲಿಗೆ ಇನ್ನೂರೈವತ್ತು ಇದ್ದರೆ?"

"ಹತ್ತು ಕಿಲೋಗೆ ಆರು ಮಿಲಿ."

"ಇನ್ನೊಂದು ಸಲ ಹೇಳಿ."

"ಆರು..." ಎಂದವರು ಅಲ್ಲಿಗೇ ನಿಂತರು.

"ನಾನು ಬಾಟಲಿ ಬದಲಾಯಿಸಿದೆ. ನಿಮ್ಮ ಉತ್ತರ ಬದಲಾಗಲಿಲ್ಲ" ಎಂದಳು ನಾದಿನಿ. "ನೀವು ಲೆಕ್ಕ ಮಾಡ್ತಾ ಇಲ್ಲ ಅತ್ತಿಗೆ, ಬಾಯಿಪಾಠ ಒಪ್ಪಿಸ್ತಾ ಇದ್ದೀರಿ."

ಸಿಸ್ಟರ್ ನೋಟ್‌ಬುಕ್ ಕೆಳಗಿಟ್ಟರು. ಹೌದು, ವಾರ್ಡಿಗೆ ಸೇರಿದ ಹೊಸತರಲ್ಲಿ ಯಾರೋ ಹಿರಿಯ ನರ್ಸ್ ಹೇಳಿಕೊಟ್ಟ ಸೂತ್ರ ಅದು: ಹತ್ತು ಕಿಲೋಗೆ ಆರು. ಹೀಗೆ ಒಂದೊಂದು ಔಷಧಿಗೂ ಒಂದೊಂದು. ಬಾಟಲಿಗಳು ಅವೇ ಬರುತ್ತಿದ್ದವು, ಸೂತ್ರ ನಡೆಯುತ್ತಿತ್ತು. ನಿಜಕ್ಕೂ ಅವೇ ಬರುತ್ತಿದ್ದವೇ? ಪ್ರತಿಸಲವೂ?

ಮರುದಿನ ಉಗ್ರಾಣಕ್ಕೆ ಹೋಗಿ ಅಲ್ಲಿಯವರನ್ನು ಕೇಳಿದರು. ಅವರು ಪುಸ್ತಕ ತಿರುವಿ ಹೇಳಿದರು: "ಎಂಟು ವರ್ಷದಿಂದ ಇದೇ ಬರ್ತಾ ಇದೆ ಸಿಸ್ಟರ್. ಅದಕ್ಕೂ ಹಿಂದಿನ ಪುಸ್ತಕ ಇಲ್ಲ, ಎಲ್ಲಾ ಗೆದ್ದಲು ತಿಂದಿತ್ತು ಅಂತ ಎಸೆದುಬಿಟ್ಟರು."

ಎಂಟು ವರ್ಷ ಸರಿ. ಉಳಿದ ಹದಿಮೂರು?

ಅಲ್ಲಿಂದ ಮುಂದೆ ಸಿಸ್ಟರಿಗೆ ತಮ್ಮ ಕೈಯ ಮೇಲೆ ನಂಬಿಕೆ ಉಳಿಯಲಿಲ್ಲ. ಸಿರಿಂಜಿನಲ್ಲಿ ಔಷಧಿ ಎಳೆದು ಬೆಳಕಿಗೆ ಹಿಡಿಯುವರು, ಮತ್ತೆ ಬಾಟಲಿ ಓದುವರು, ಮತ್ತೆ ಡಾಕ್ಟರ್ ಬರೆದ ಚೀಟಿ ಓದುವರು. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಔಷಧಿಯ ಸುತ್ತು ಎರಡು ಗಂಟೆ ಹಿಡಿಯುತ್ತಿತ್ತು. ಹೆಡ್ ಸಿಸ್ಟರ್ ಎರಡು ಸಲ ಗಡಿಯಾರ ನೋಡಿ ಹೋದರು. ಪ್ರತಿ ಸಂಜೆ ನಾದಿನಿಯ ಎದುರು ಇಪ್ಪತ್ತು ಲೆಕ್ಕ. ಅವಳು ಕಿಲೋ ಬದಲಿಸುವಳು, ಬಾಟಲಿ ಬದಲಿಸುವಳು, ಗ್ರಾಂ ಕೊಟ್ಟು ಮಿಲಿಗ್ರಾಂ ಕೇಳುವಳು. ಮೇಜಿನ ಮೇಲೆ ಅಡುಗೆಮನೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ತಪ್ಪಿದಾಗ ಬೈಯುತ್ತಿರಲಿಲ್ಲ. "ಎಲ್ಲಿ ಅವಸರಪಟ್ಟಿರಿ, ತೋರಿಸಿ" ಎನ್ನುತ್ತಿದ್ದಳು, ಅಷ್ಟೇ.

ಎರಡನೆಯ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಬೆಳಗಿನ ಹತ್ತು ಗಂಟೆಯ ಸುತ್ತು. ವಾರ್ಡಿನ ಕಿಟಕಿ ಸಾಲು ಸಿಸ್ಟರ್ ಅವರದು, ಬಾಗಿಲ ಸಾಲು ಗಿಣಿಯದು. ಗಿಣಿ ಎಂದರೆ ಬಾಯಿ ಮುಚ್ಚದೆ ಮಾತಾಡುವ ಕಿರಿಯ ನರ್ಸ್. ಆ ಹೆಸರಿಟ್ಟವರೂ ತಕ್ಕಡಿ ಸಿಸ್ಟರೇ. ಮೊದಲ ಹಾಸಿಗೆಯಲ್ಲಿ ಹತ್ತು ಕಿಲೋ ಹೆಣ್ಣುಮಗು, ಪಕ್ಕದಲ್ಲಿ ಅದರ ಅಜ್ಜಿ. ಸಿಸ್ಟರ್ ಅವರ ಕೈ ತಾನಾಗಿಯೇ ಆರು ಮಿಲಿ ಎಳೆದಿತ್ತು. ಹೊಸ ಅಭ್ಯಾಸದಂತೆ ಬಾಟಲಿ ತಿರುಗಿಸಿ ಓದಿದರು.

ಉಗ್ರಾಣದಿಂದ ಆಗಷ್ಟೇ ಬಂದ ಹೊಸ ಬಾಟಲಿ. ಅದೇ ಕೆಂಪು ಮುಚ್ಚಳ. ಅದೇ ಗಾತ್ರ. ಐದು ಮಿಲಿಗೆ ಇನ್ನೂರೈವತ್ತು.

ಸಿಸ್ಟರ್ ಸಿರಿಂಜನ್ನು ಟ್ರಾಲಿಯ ಮೇಲೆ ಇಟ್ಟುಬಿಟ್ಟರು. ಅಜ್ಜಿ ಅವರ ಮುಖ ನೋಡಿ ಎದ್ದು ನಿಂತರು. "ಏನಮ್ಮಾ, ಮಗೂಗೆ ಏನಾದ್ರೂ...?"

"ಏನಿಲ್ಲ ಅಜ್ಜಿ, ಮಗು ಚೆನ್ನಾಗಿದೆ. ಒಂದೇ ನಿಮಿಷ."

ಎರಡು ಹೆಜ್ಜೆ ನಡೆದವರಿಗೆ ಗಿಣಿಯ ಟ್ರಾಲಿ ಕಂಡಿತು. ಅದರ ಮೇಲೂ ಅಂಥದೇ ಬಾಟಲಿ, ತೆರೆದದ್ದು. "ಎಷ್ಟು ಮಕ್ಕಳಿಗೆ ಕೊಟ್ಟೆ?"

"ಇಬ್ಬರಿಗೆ. ಯಾಕೆ ಸಿಸ್ಟರ್?"

"ಎಷ್ಟೆಷ್ಟು?"

"ಹತ್ತು ಕಿಲೋಗೆ ಆರು. ನೀವೇ ಹೇಳಿಕೊಟ್ಟಿದ್ದಲ್ವಾ?"

ಸಿಸ್ಟರ್ ಆ ಬಾಟಲಿಯನ್ನು ಎತ್ತಿಕೊಂಡರು. ಹೆಡ್ ಸಿಸ್ಟರ್ ಕೋಣೆಗೆ ಹೇಗೆ ಹೋದರೋ ನೆನಪಿಲ್ಲ. ಡಾಕ್ಟರ್ ಬಂದರು, ಇಬ್ಬರೂ ಮಕ್ಕಳನ್ನು ನೋಡಿದರು, ಲೆಕ್ಕ ಹಾಕಿದರು. ಒಂದು ಸಲಕ್ಕೆ ಇಮ್ಮಡಿಯಾದದ್ದರಿಂದ ಹೆದರಬೇಕಿಲ್ಲ, ಇಂದು ಮುಂದಿನ ಡೋಸ್ ಬೇಡ, ರಕ್ತ ಪರೀಕ್ಷೆ ಮಾಡಿ ಕಾಯೋಣ ಎಂದರು. ತಂದೆತಾಯಿಗಳಿಗೆ ನಡೆದದ್ದನ್ನು ಡಾಕ್ಟರೇ ಕೂತು ಹೇಳಿದರು. ದಿನಕ್ಕೆ ನಾಲ್ಕು ಸಲದಂತೆ ಮೂರು ದಿನ ನಡೆದಿದ್ದರೆ ಎಳೆಯ ಪಿತ್ತಜನಕಾಂಗಗಳ ಗತಿ ಏನಾಗುತ್ತಿತ್ತೆಂದು ಅಲ್ಲಿದ್ದ ಯಾರಿಗೂ ವಿವರಿಸಬೇಕಿರಲಿಲ್ಲ.

ಗಿಣಿ ತೊಳೆಯುವ ತೊಟ್ಟಿಯ ಬಳಿ ಅಳುತ್ತ ನಿಂತಿದ್ದಳು. ಸಿಸ್ಟರ್ ಅವಳ ಬೆನ್ನ ಮೇಲೆ ಕೈಯಿಟ್ಟರು. "ನಿನ್ನ ತಪ್ಪಲ್ಲ ಕಣೇ. ಈ ಪಾಠ ಹೇಳಿಕೊಟ್ಟವಳು ನಾನು." ಹೆಡ್ ಸಿಸ್ಟರ್ ಎದುರಿಗೂ ಅದನ್ನೇ ಹೇಳಿದರು, ಬರೆದೂ ಕೊಟ್ಟರು. ಇಷ್ಟು ವರ್ಷದಲ್ಲಿ ತಾವು ಪಾಠ ಹೇಳಿಕೊಟ್ಟವರ ಹೆಸರು ನೆನಪು ಮಾಡಿಕೊಳ್ಳಲು ಕೂತರು. ಹದಿನಾರು ಜನ. ಬೇರೆ ವಾರ್ಡುಗಳಲ್ಲಿ, ಬೇರೆ ಆಸ್ಪತ್ರೆಗಳಲ್ಲಿ. ಆ ವಾರವೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಕೆಲವರು ನಕ್ಕರು. ಇಬ್ಬರು ಮಾತ್ರ ಫೋನ್ ಇಡದೆಯೇ ತಮ್ಮ ಬಾಟಲಿ ತಂದು ಓದಿದರು.

ಇಬ್ಬರು ಮಕ್ಕಳೂ ಗುಣವಾಗಿ ಮನೆಗೆ ಹೋದರು.

ಪರೀಕ್ಷೆಯ ದಿನ ನಾದಿನಿಯೂ ಜೊತೆಗೆ ಬಂದಳು. ಪರದೆಯ ಮೂಲೆಯಲ್ಲಿ ಸಮಯ ಕರಗುತ್ತಿತ್ತು. ಆದರೆ ಸಿಸ್ಟರ್ ಪ್ರತಿ ಲೆಕ್ಕಕ್ಕೂ ಮೊದಲು ಬಾಟಲಿಯ ಅಂಕಿ ಹುಡುಕಿ ಅದರ ಕೆಳಗೆ ಬೆರಳಿಟ್ಟರು. ಕೊನೆಯ ಪ್ರಶ್ನೆ ಮುಗಿದಾಗ ಹನ್ನೊಂದು ಸೆಕೆಂಡು ಉಳಿದಿತ್ತು.

ಈ ಸಲ ಫಲಿತಾಂಶದ ಚೀಟಿಯನ್ನು ಅಲ್ಲೇ ಕೊಟ್ಟರು. ಎಪ್ಪತ್ತಮೂರು. ಪ್ರಮಾಣದ ಲೆಕ್ಕ, ಹನ್ನೆರಡರಲ್ಲಿ ಹನ್ನೊಂದು.

"ಪಾಸಾದಿರಿ ಅತ್ತಿಗೆ!" ನಾದಿನಿ ಅವರ ತೋಳು ಹಿಡಿದು ಅಲ್ಲಾಡಿಸಿದಳು. ಸಿಸ್ಟರ್ ಮೇಜಿನ ಹಿಂದಿದ್ದ ಗುಮಾಸ್ತನ ಹತ್ತಿರ ಹೋದರು.

"ಯಾವುದು ತಪ್ಪಾಯ್ತು ಅಂತ ಸ್ವಲ್ಪ ಹೇಳ್ತೀರಾ?"

"ಅದನ್ನ ಹೇಳೋ ಹಾಗಿಲ್ಲಮ್ಮ. ಪಾಸಾಗಿದೆಯಲ್ಲ, ಇನ್ನೇನು?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಸ್ಟರ್ ಹನ್ನೆರಡು ಲೆಕ್ಕಗಳನ್ನು ಒಂದೊಂದಾಗಿ ನೆನಪಿಸಿಕೊಂಡರು. ಒಂಬತ್ತು ಸಿಕ್ಕವು. ಮೂರು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಸಿಸ್ಟರ್ ಎಂದಿನಂತೆ ಟ್ರಾಲಿ ಹಿಡಿದರು. ಅವರು ಗಿಣಿಯನ್ನು ಕರೆದು ಬಾಟಲಿಯನ್ನೂ ಚೀಟಿಯನ್ನೂ ಅವಳ ಮುಂದಿಟ್ಟರು. "ನಾನು ಎಷ್ಟು ಅಂತ ಹೇಳಲ್ಲ. ನೀನು ಆ ಕಡೆ ತಿರುಗಿ ಮಾಡು, ನಾನು ಈ ಕಡೆ ಮಾಡ್ತೀನಿ. ಎರಡೂ ಒಂದೇ ಬಂದರೆ ಮಾತ್ರ ಮಗುವಿನ ಹತ್ತಿರ ಹೋಗೋಣ."

ಗಿಣಿ ಆ ಕಡೆ ತಿರುಗಿ ಬರೆಯತೊಡಗಿದಳು. ಸಿಸ್ಟರ್ ಪೆನ್ನು ತೆಗೆದರು. ಮೊದಲು ಬಾಟಲಿ ತಿರುಗಿಸಿ ಅಂಕಿಯ ಕೆಳಗೆ ಬೆರಳಿಟ್ಟರು.