ಮೋಡದ ರಾಜಕುಮಾರಿಯ ಬೆನ್ನ ಲಾಡಿ

ಟೇಪಮ್ಮ ಕಲ್ಲು ಮನಸ್ಸಿನ ಹೆಂಗಸು. ಬಟ್ಟೆಯ ಮೇಲಿದ್ದ ನಿಷ್ಠೆ ಅದನ್ನು ತೊಡುವವರ ಮೇಲೆ ಆಕೆಗೆ ಎಂದೂ ಇರಲಿಲ್ಲ. ಮಹಡಿಯಲ್ಲಿ ಆಕೆ, ಕೆಳಗೆ ನಾನು. ಬಹಳ ವರ್ಷ ನೋಡಿದ ಮೇಲೆ ಹೇಳುತ್ತಿದ್ದೇನೆ.

ನಾಟಕ ಕಂಪನಿಯೊಂದರಲ್ಲಿ ಉಡುಪು ಹೊಲಿಯುತ್ತಿದ್ದಳು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಆ ಹೆಸರು. ಯಾವ ಕಾಲದ ಪಾತ್ರವೋ ಆ ಕಾಲದ್ದೇ ಉಡುಪು. ಸೆಕೆಗೆ ನಟಿ ತಲೆ ತಿರುಗಿ ಬಿದ್ದರೂ ಒಂದು ಪದರ ಕಡಿಮೆ ಮಾಡಿದವಳಲ್ಲ. ನಿವೃತ್ತಿಯಾದ ಮೇಲೆ ಹೊಸ ಗೀಳು ಹತ್ತಿತು. ಟಿ.ವಿ.ಯ ಕಾರ್ಟೂನ್ ಕಥೆಗಳ ರಾಜಕುಮಾರಿಯರು, ಮಾಟಗಾತಿಯರು ನಿಜವಾಗಿ ಬದುಕಿದ್ದರೆ ಏನು ತೊಡುತ್ತಿದ್ದರೋ ಅದರ ಚಿತ್ರ ಬರೆಯುವುದು. ಮಿನುಗುವ ಗೌನು ಕಳಚಿ ಉಣ್ಣೆಯ ಲಂಗ ತೊಡಿಸುವಳು, ಬಿಚ್ಚುಗೂದಲನ್ನು ಬಟ್ಟೆಯ ಟೋಪಿಯೊಳಗೆ ತುರುಕುವಳು. ಗೋಡೆಯ ತುಂಬ ಅವೇ. ಕೋಣೆಯಲ್ಲಿ ಒಂದೇ ಕುರ್ಚಿ. ಎದುರಿಗೆ ತಲೆ, ಕೈ ಇಲ್ಲದ ಹೊಲಿಗೆಯ ಬೊಂಬೆ. ಅದಕ್ಕೆ ಬಾಯಿಲ್ಲ, ಅದಕ್ಕೇ ಜಗಳವಿಲ್ಲದೆ ಉಳಿದಿದೆ ಎಂದು ಹಾಲಿನವನು ನಗುತ್ತಿದ್ದ.

ಭಾನುವಾರ ಬರುತ್ತಿದ್ದವಳು ಒಬ್ಬಳೇ: ತಂಗಿಯ ಪುಟ್ಟ ಮೊಮ್ಮಗಳು. ಕತ್ತರಿಸುವ ಮೇಜಿನ ಮೇಲೆ ಕೂತು ದೊಡ್ಡಜ್ಜಿಯ ಜೊತೆ ಕಾರ್ಟೂನ್ ನೋಡುವಳು. ಶಾಲೆಯ ನಾಟಕದಲ್ಲಿ ಅವಳು ಅದೇ ಕಾರ್ಟೂನಿನ ಮೋಡದ ರಾಜಕುಮಾರಿಯಾಗಬೇಕಿತ್ತು. ಟೇಪಮ್ಮ ತಿಂಗಳಿಡೀ ಕೂತು ಬೂದು ಉಣ್ಣೆಯಲ್ಲಿ ಉಡುಪು ಹೊಲಿದಳು. ಮಗು ಅದನ್ನು ಮೈಗೆ ಹಿಡಿದು ನೋಡಿತಂತೆ.

"ದೊಡ್ಡಜ್ಜಿ, ಇದು ರಾಜಕುಮಾರೀದಲ್ಲ. ಅವಳ ಅಡುಗೆಯವಳದು."

"ಅವಳು ನಿಜವಾಗ್ಲೂ ಇದ್ದಿದ್ರೆ ಇದನ್ನೇ ಹಾಕ್ಕೋತಿದ್ಳು."

ಬೆನ್ನಿಗೆ ಕುತ್ತಿಗೆಯಿಂದ ಸೊಂಟದವರೆಗೆ ಲಾಡಿ. ಒಂದೊಂದೇ ತೂತಿನಲ್ಲಿ ಪೋಣಿಸಿ ಹಿಂದಿನಿಂದ ಯಾರಾದರೂ ಬಿಗಿಯಬೇಕು. ನಾಟಕದ ದಿನ ಮಗುವಿನ ತಾಯಿಗೆ ರಜೆ ಸಿಗಲಿಲ್ಲ. ಟೀಚರುಗಳು ಉಳಿದ ಮಕ್ಕಳ ಮುಖಕ್ಕೆ ಬಣ್ಣ ಬಳಿಯುವುದರಲ್ಲಿ ಮುಳುಗಿದ್ದರು. ಕಟ್ಟುವವರಿಲ್ಲದೆ, ತೆರೆದ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಮಗು ಬಟ್ಟೆ ಬದಲಿಸುವ ಕೋಣೆಯಲ್ಲೇ ಕೂತಿತು. ರಾಜಕುಮಾರಿಯಿಲ್ಲದೆ ನಾಟಕ ಮುಗಿಯಿತು.

ಮರುದಿನ ತಂಗಿ ಉಡುಪನ್ನು ವಾಪಸ್ಸು ತಂದಳು. ಮಾತು ಕೆಳಗಿನವರೆಗೂ ಕೇಳಿಸಿತು.

"ಅಕ್ಕ, ಆ ಕಾಲದ ರಾಜಕುಮಾರಿಗೆ ಬೆನ್ನು ಕಟ್ಟೋಕೆ ದಾಸಿಯರಿದ್ರು. ನಮ್ಮ ಮಗುಗೆ ಯಾರಿದ್ರು?"

"ಲಾಡಿ ಹಿಂದೆ ಇರೋದೇ ಸರಿ."

"ಹಾಗಾದ್ರೆ ನಿನ್ನ ಸರೀನ ನೀನೇ ಇಟ್ಕೋ. ಮಗು ಇನ್ನು ಬರಲ್ಲ."

ಬರಲೂ ಇಲ್ಲ. ಭಾನುವಾರ ಮೇಲಿನಿಂದ ಕಾರ್ಟೂನಿನ ಸದ್ದು ಎಂದಿನಂತೆ ಕೇಳುತ್ತಿತ್ತು. ನಡುವೆ ನಗು ಇರಲಿಲ್ಲ. ಗೋಡೆಗೆ ಹೊಸ ಚಿತ್ರ ಸೇರಲಿಲ್ಲ. ಉಡುಪನ್ನು ಬೊಂಬೆಗೆ ತೊಡಿಸಿ, ಲಾಡಿಯನ್ನು ತಾನೇ ಬಿಗಿದಿಟ್ಟಿದ್ದಳು. ಕಿಟಕಿಯಿಂದ ಬೀದಿಗೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ನೀರಿನ ಮೋಟಾರು ಕೆಟ್ಟಿದೆಯೆಂದು ಹೇಳಲು ಮೇಲೆ ಹೋದೆ. ಬೊಂಬೆ ಬರಿಮೈಯಲ್ಲಿತ್ತು. ಉಡುಪಿನ ಬೆನ್ನಿನ ತೂತುಗಳನ್ನೆಲ್ಲ ಹೊಲಿದು ಮುಚ್ಚಿ, ಎದೆಯ ಭಾಗವನ್ನು ಸೀಳಿ ಜಿಪ್ ಕೂರಿಸಿದ್ದಳು, ಅದೂ ಕಣ್ಣಿಗೆ ಹೊಡೆಯುವ ನೀಲಿ ಜಿಪ್. ನನ್ನತ್ತ ತಿರುಗಲಿಲ್ಲ. ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಇನ್ನೊಂದರ ಎರಡೇ ಬೆರಳಲ್ಲಿ ಜಿಪ್ಪನ್ನು ಎಳೆದು ನೋಡಿದಳು. ಸಲೀಸಾಗಿ ಬಂತು. ಆದರೂ ಸಮಾಧಾನವಾಗದೆ, ಪುಟ್ಟ ಕೈಗೆ ಸಿಗುವಂತೆ ಅದರ ತುದಿಗೆ ಗೇಣುದ್ದದ ರಿಬ್ಬನ್ ಕಟ್ಟತೊಡಗಿದಳು.